ಬಾಲ್ಕನಿಯ ಮಾಸಿದ ಬಾವುಟ: ಕ್ಯಾಟಲೋನಿಯಾ ಹೊರಟದ್ದೇಕೆ, ನಿಂತದ್ದೇಕೆ?

ಪ್ರಶ್ನೆ: ನಾವು ಹಾಸನದ ಕಡೆಯವರು. ಎರಡು ವರ್ಷದಿಂದ ಕೆಲಸದ ಮೇಲೆ ಬಾರ್ಸಿಲೋನಾದಲ್ಲಿದ್ದೇವೆ. ಎದುರು ಮನೆಯ ಬಾಲ್ಕನಿಯಲ್ಲಿ ಹಳದಿ-ಕೆಂಪು ಪಟ್ಟೆಯ, ನೀಲಿ ತ್ರಿಕೋನದಲ್ಲಿ ನಕ್ಷತ್ರವಿರುವ ಬಾವುಟವೊಂದು ಬಿಸಿಲಿಗೆ ಬಣ್ಣ ಕಳೆದುಕೊಂಡು ನೇತಾಡುತ್ತಿದೆ. ಆ ಮನೆಯ ಹಿರಿಯರನ್ನು ಕೇಳಿದರೆ "1714ರಲ್ಲಿ..." ಎಂದು ಶುರು ಮಾಡುತ್ತಾರೆ. ಮ್ಯಾಡ್ರಿಡ್‌ನಿಂದ ಬಂದ ಸಹೋದ್ಯೋಗಿ "ಅದೆಲ್ಲ ದುಡ್ಡಿನ ಆಟ" ಎಂದು ನಗುತ್ತಾನೆ. ಇಬ್ಬರಲ್ಲಿ ಯಾರು ಸರಿ? ಅಷ್ಟು ದೊಡ್ಡ ಚಳವಳಿ ಈಗ ಎಲ್ಲಿ ಹೋಯಿತು? ಮಗನಿಗೆ ಶಾಲೆಯಲ್ಲಿ ಪಾಠವೆಲ್ಲ ಕ್ಯಾಟಲನ್‌ನಲ್ಲೇ. ಮುಂದೆ ಅದರಿಂದ ಅವನಿಗೆ ಪ್ರಯೋಜನವಿದೆಯೇ?

ಉತ್ತರ: ಮೊದಲು ಆ ಬಾವುಟದ ವಿಷಯ. ಹಳದಿ ನೆಲದ ಮೇಲೆ ನಾಲ್ಕು ಕೆಂಪು ಪಟ್ಟೆಯಷ್ಟೇ ಇದ್ದರೆ ಅದು 'ಸೆನ್ಯೇರಾ', ಕ್ಯಾಟಲೋನಿಯಾದ ಅಧಿಕೃತ ಧ್ವಜ. ಸ್ಪೇನ್‌ನಲ್ಲೇ ಇರಬೇಕು ಎನ್ನುವವರೂ ಅದನ್ನು ಹಾರಿಸುತ್ತಾರೆ. ಹಳದಿ-ಕೆಂಪು ಕಂಡು ನಿಮಗೆ ನಮ್ಮ ಅರಿಶಿನ-ಕುಂಕುಮದ ಬಾವುಟ ನೆನಪಾಗಿರಬಹುದು. ಬಣ್ಣ ಬಿಟ್ಟರೆ ಬೇರೆ ನಂಟಿಲ್ಲ. ಅದಕ್ಕೆ ನೀಲಿ ತ್ರಿಕೋನವೂ ಬಿಳಿ ನಕ್ಷತ್ರವೂ ಸೇರಿದರೆ 'ಎಸ್ತೆಲಾದಾ', ಅಂದರೆ ಪ್ರತ್ಯೇಕ ದೇಶ ಬೇಕೆನ್ನುವವರ ಬಾವುಟ. ಸ್ಪೇನ್‌ನ ಕೈತಪ್ಪಿ ಹೋದ ಕ್ಯೂಬಾದ ಧ್ವಜ ನೋಡಿ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ್ದು. ನಕ್ಷತ್ರ ಇರುವ ಬಾವುಟಕ್ಕೂ ಇಲ್ಲದ ಬಾವುಟಕ್ಕೂ ನಡುವಿನ ಅಂತರದಲ್ಲೇ ನಿಮ್ಮ ಪ್ರಶ್ನೆಯ ಬಹುಪಾಲು ಅಡಗಿದೆ.

ನಿಮ್ಮ ನೆರೆಯವರದೂ ಸಹೋದ್ಯೋಗಿಯದೂ ಅರ್ಧರ್ಧ ಸರಿ. ಆದರೆ ಇಬ್ಬರೂ ಒಂದು ಮಾತು ಬಿಟ್ಟಿದ್ದಾರೆ. ಕ್ಯಾಟಲನ್ ರಾಷ್ಟ್ರೀಯತೆ ನೂರು ವರ್ಷಕ್ಕೂ ಹೆಚ್ಚು ಕಾಲ ಕೇಳಿದ್ದು ಸ್ಪೇನ್‌ನಿಂದ ಬಿಡುಗಡೆಯನ್ನಲ್ಲ, ಸ್ಪೇನ್ ಬೇರೆ ಥರ ಇರಬೇಕು ಎಂಬುದನ್ನು. ಮನೆ ಬಿಟ್ಟು ಹೋಗುವ ಮಾತು ಊರೆಲ್ಲರ ಮಾತಾದದ್ದು 2006ರಿಂದ 2012ರವರೆಗಿನ ಆರೇ ವರ್ಷಗಳಲ್ಲಿ. ಸರ್ಕಾರಿ ಸಮೀಕ್ಷೆಯ ಪ್ರಕಾರ 2006ರಲ್ಲಿ ಪ್ರತ್ಯೇಕ ದೇಶ ಬೇಕೆಂದವರು ನೂರಕ್ಕೆ 14ರ ಆಸುಪಾಸು. 2013ರ ಹೊತ್ತಿಗೆ ಅದು ಅರ್ಧದ ಹತ್ತಿರ ಬಂದಿತ್ತು. ಮುನ್ನೂರು ವರ್ಷದ ಹಳೆಯ ಗಾಯವೇ ಕಾರಣವಾಗಿದ್ದರೆ ಏಳು ವರ್ಷದಲ್ಲಿ ಇಷ್ಟು ಏರುತ್ತಿರಲಿಲ್ಲ.

1714ರ ಕಥೆ ಸುಳ್ಳಲ್ಲ. ಸ್ಪೇನ್‌ನ ಸಿಂಹಾಸನಕ್ಕಾಗಿ ಬೂರ್ಬೋನ್ ವಂಶದ ಐದನೇ ಫಿಲಿಪ್ ಮತ್ತು ಹ್ಯಾಬ್ಸ್‌ಬರ್ಗ್ ವಂಶದ ಚಾರ್ಲ್ಸ್ ನಡುವೆ ಯುದ್ಧ ನಡೆದಾಗ ಕ್ಯಾಟಲನ್ನರು ಚಾರ್ಲ್ಸ್‌ನ ಪಕ್ಷ ಹಿಡಿದರು. ಜೊತೆಗಿದ್ದ ಇಂಗ್ಲೆಂಡ್ ನಡುದಾರಿಯಲ್ಲಿ ಒಪ್ಪಂದ ಮಾಡಿಕೊಂಡು ಕೈಕೊಟ್ಟಿತು. ವರ್ಷಕ್ಕೂ ಮೀರಿದ ಮುತ್ತಿಗೆಯ ನಂತರ 1714ರ ಸೆಪ್ಟೆಂಬರ್ 11ರಂದು ಬಾರ್ಸಿಲೋನಾ ಸೋತಿತು. 1716ರ ರಾಜಾಜ್ಞೆಯಿಂದ ಕ್ಯಾಟಲೋನಿಯಾದ ಸ್ವಂತ ಸಂಸತ್ತು, ಸಂಸ್ಥೆಗಳು ಹೋದವು. ನ್ಯಾಯಾಲಯದ ಭಾಷೆ ಕ್ಯಾಸ್ಟಿಲಿಯನ್, ಅಂದರೆ ಸ್ಪ್ಯಾನಿಷ್, ಆಯಿತು. ಊರನ್ನು ಹದ್ದುಬಸ್ತಿನಲ್ಲಿಡಲು ರಿಬೇರಾ ಬಡಾವಣೆಯ ಮನೆಗಳನ್ನು ಕೆಡವಿ ಸಿಯುತಾದೆಲ್ಯಾ ಎಂಬ ಕೋಟೆ ಕಟ್ಟಿದರು. ನೀವು ಭಾನುವಾರ ಮಗನನ್ನು ಕರೆದುಕೊಂಡು ಹೋಗುವ ಸಿಯುತಾದೆಲ್ಯಾ ಪಾರ್ಕ್ ಅದೇ ಜಾಗ. ಕೋಟೆಯ ಮದ್ದುಗುಂಡಿನ ಉಗ್ರಾಣದಲ್ಲಿ ಈಗ ಕ್ಯಾಟಲೋನಿಯಾದ ಸಂಸತ್ತು ಕೂರುತ್ತದೆ. ಕೆಡವಿದ ಮನೆಗಳ ಬುನಾದಿ ನೋಡಬೇಕಿದ್ದರೆ ಪಕ್ಕದ ಬೋರ್ನ್‌ನ ಹಳೇ ಮಾರುಕಟ್ಟೆಯೊಳಗೆ ಹೋಗಿ. ನೆಲ ಅಗೆದು ತೆರೆದಿಟ್ಟಿದ್ದಾರೆ. ಆದರೆ ನೆನಪಿರಲಿ, ಅಂದು ಆ ಜನ ಕಾದಾಡಿದ್ದು ತಮ್ಮ ಹಕ್ಕುಗಳಿಗಾಗಿ, ಜೊತೆಗೆ ಸ್ಪೇನ್‌ಗೆ ಬೇರೊಬ್ಬ ರಾಜ ಬರಲಿ ಎಂದು. ಸೋತ ದಿನವನ್ನೇ ನಾಡಹಬ್ಬ ಮಾಡಿಕೊಂಡದ್ದು ಬಹಳ ಆಮೇಲೆ.

ಆಮೇಲೆ ಅಂದರೆ 19ನೇ ಶತಮಾನದಲ್ಲಿ. ಆಗ ಬಾರ್ಸಿಲೋನಾ ಹತ್ತಿ ಗಿರಣಿಗಳ ಊರು. ಸ್ಪೇನ್‌ನ ನೆಲದಲ್ಲಿ ಮೊದಲ ರೈಲು ಓಡಿದ್ದು 1848ರಲ್ಲಿ, ಬಾರ್ಸಿಲೋನಾದಿಂದ ಮತಾರೋಗೆ. ದುಡ್ಡು ಬಂದ ಕಡೆ ಭಾಷೆಯ ಅಭಿಮಾನವೂ ಬಂತು. ಮನೆಮಾತಾಗಿಯೇ ಉಳಿದಿದ್ದ ಕ್ಯಾಟಲನ್‌ನಲ್ಲಿ ಮತ್ತೆ ಕಾವ್ಯ ಬರೆಯತೊಡಗಿದರು, 1859ರಲ್ಲಿ ಕಾವ್ಯಸ್ಪರ್ಧೆಗಳನ್ನು ಮತ್ತೆ ಶುರು ಮಾಡಿದರು. ಪೊಂಪೇವು ಫಾಬ್ರಾ ಎಂಬ ಎಂಜಿನಿಯರ್ ಕಾಗುಣಿತದ ನಿಯಮಗಳನ್ನೂ (1913) ನಿಘಂಟನ್ನೂ (1932) ಕಟ್ಟಿಕೊಟ್ಟರು. ಭಾಷೆಯೊಂದು ಮನೆಯಿಂದ ಕಚೇರಿಗೆ ಬರಲು ಏನೇನು ಬೇಕೋ ಅದೆಲ್ಲ ಆ ಕಾಲದ್ದು. ಗಿರಣಿ ಮಾಲೀಕರ ಕಣ್ಣು ಮಾತ್ರ ಮ್ಯಾಡ್ರಿಡ್ ಮೇಲೇ ಇತ್ತು. ಹೊರದೇಶದ ಬಟ್ಟೆಗೆ ಸುಂಕ ಹಾಕಿಸಲು, ಸ್ಪೇನ್ ಎಂಬ ಮಾರುಕಟ್ಟೆ ಉಳಿಸಿಕೊಳ್ಳಲು ಅವರಿಗೆ ಅಲ್ಲಿನ ಸರ್ಕಾರ ಬೇಕಿತ್ತು. 1898ರಲ್ಲಿ ಕ್ಯೂಬಾ, ಫಿಲಿಪ್ಪೀನ್ಸ್ ಕೈಬಿಟ್ಟ ಮೇಲೆ "ಈ ದೇಶ ನಡೆಸಲು ಮ್ಯಾಡ್ರಿಡ್‌ನವರಿಗೆ ಬರುವುದಿಲ್ಲ, ನಾವು ನಡೆಸಿ ತೋರಿಸುತ್ತೇವೆ" ಎಂಬ ಧೋರಣೆಯಲ್ಲಿ 1901ರಲ್ಲಿ 'ಲಿಗಾ' ಪಕ್ಷ ಹುಟ್ಟಿತು. ಸಹೋದ್ಯೋಗಿಯ 'ದುಡ್ಡಿನ ಆಟ'ದ ಬೇರು ಇಲ್ಲಿದೆ. ಅದು ಬಿಟ್ಟುಹೋಗುವ ಆಟವಾಗಿರಲಿಲ್ಲ, ಅಷ್ಟೆ.

ಗಣರಾಜ್ಯದ ದಿನಗಳಲ್ಲೂ ಹಾಗೆಯೇ. ರಾಜ ಹೋಗಿ ಸ್ಪೇನ್ ಗಣರಾಜ್ಯವಾದ 1931ರಲ್ಲಿ ಕ್ಯಾಟಲನ್ ನಾಯಕ ಫ್ರಾನ್ಸೆಸ್ಕ್ ಮಸಿಯಾ ಘೋಷಿಸಿದ್ದು ಐಬೀರಿಯಾದ ಒಕ್ಕೂಟದೊಳಗಿನ ಗಣರಾಜ್ಯವನ್ನು. 1934ರ ಅಕ್ಟೋಬರ್ 6ರಂದು ಅವರ ನಂತರ ಬಂದ ಲ್ಯೂಯಿಸ್ ಕುಂಪಾನ್ಸ್ ಬಂಡೆದ್ದು ಘೋಷಿಸಿದ್ದು ಸ್ಪ್ಯಾನಿಷ್ ಒಕ್ಕೂಟ ಗಣರಾಜ್ಯದೊಳಗಿನ ಕ್ಯಾಟಲನ್ ರಾಜ್ಯವನ್ನು. ಬಂಡಾಯದ ಬಿಸಿಯಲ್ಲೂ 'ಒಳಗೆ' ಎಂಬ ಮಾತು ಬಿಡಲಿಲ್ಲ. ಅಂತರ್ಯುದ್ಧದಲ್ಲಿ ಸೋತು ಫ್ರಾನ್ಸ್‌ಗೆ ಹೋದ ಕುಂಪಾನ್ಸ್‌ರನ್ನು ನಾಜಿಗಳು ಹಿಡಿದು ಸ್ಪೇನ್‌ನ ಸರ್ವಾಧಿಕಾರಿ ಫ್ರಾಂಕೋಗೆ ಒಪ್ಪಿಸಿದರು. 1940ರ ಅಕ್ಟೋಬರ್ 15ರಂದು ಮುಂಜುಯಿಕ್ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಕ್ಯಾಟಲನ್ ಶಾಲೆಯಿಂದ, ಕಚೇರಿಯಿಂದ ಹೊರಬಿತ್ತು. ಹುಟ್ಟಿದ ಮಗುವಿನ ಹೆಸರನ್ನೂ ಸ್ಪ್ಯಾನಿಷ್ ರೂಪದಲ್ಲೇ ಬರೆಸಬೇಕಿತ್ತು.

ಅದೇ ಕಾಲದಲ್ಲಿ ಸ್ಪೇನ್‌ನ ದಕ್ಷಿಣದ ಆಂಡಲೂಸಿಯಾ, ಮುರ್ಸಿಯಾಗಳ ಬಡ ಹಳ್ಳಿಗಳಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಕೆಲಸ ಹುಡುಕಿಕೊಂಡು ಬಾರ್ಸಿಲೋನಾದ ಹೊರವಲಯಕ್ಕೆ ಬಂದರು. ಇದನ್ನು ಬಿಟ್ಟರೆ ಇಂದಿನ ಕ್ಯಾಟಲೋನಿಯಾ ಅರ್ಥವಾಗುವುದೇ ಇಲ್ಲ. ಇಂದು ಅಲ್ಲಿನ ಅರ್ಧಕ್ಕೂ ಹೆಚ್ಚು ಜನರ ಮನೆಮಾತು ಕ್ಯಾಟಲನ್ ಅಲ್ಲ. ಮುಂದೆ ನಾನು ಹೇಳುವ ಚುನಾವಣೆಗಳ ಲೆಕ್ಕ ಓದುವಾಗ ಇದನ್ನು ತಲೆಯಲ್ಲಿಟ್ಟುಕೊಳ್ಳಿ.

ಫ್ರಾಂಕೋ ಸತ್ತ ಮೇಲೆ 1978ರ ಸಂವಿಧಾನಕ್ಕೆ ಕ್ಯಾಟಲೋನಿಯಾದಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಹೌದೆಂದರು. ಸ್ಪೇನ್‌ನ ಏಕತೆ ಅಭೇದ್ಯ ಎನ್ನುವ ಆ ಸಂವಿಧಾನದ ಎರಡನೇ ವಿಧಿಯೇ ಅದರೊಳಗೆ 'ರಾಷ್ಟ್ರೀಯತೆಗಳು' ಇವೆ ಎಂದೂ ಹೇಳುತ್ತದೆ. ಇಬ್ಬರಿಗೂ ಬೇಕಾದ್ದನ್ನು ಒಂದೇ ವಾಕ್ಯದಲ್ಲಿ ತುರುಕಿ ಜಗಳವನ್ನು ಮುಂದಿನವರಿಗೆ ಬಿಟ್ಟರು. 1980ರಿಂದ 2003ರವರೆಗೆ ಅಲ್ಲಿ ಆಳಿದ ಜೊರ್ದಿ ಪುಜೋಲ್ ಆ ವಾಕ್ಯದ ಆಸರೆಯಲ್ಲೇ ಬದುಕಿದರು. ಮ್ಯಾಡ್ರಿಡ್‌ನಲ್ಲಿ ಯಾರಿಗೆ ಬಹುಮತ ಕಡಿಮೆಯಾದರೂ ಅವರಿಗೆ ಬೆಂಬಲ ಕೊಟ್ಟು, ಬದಲಿಗೆ ಒಂದಿಷ್ಟು ತೆರಿಗೆ ಪಾಲು, ಒಂದಿಷ್ಟು ಅಧಿಕಾರ ತರುತ್ತಿದ್ದರು. 1996ರಲ್ಲಿ ಬಲಪಂಥೀಯ ಆಸ್ನಾರ್ ಸರ್ಕಾರ ನಿಂತದ್ದೂ ಪುಜೋಲ್ ಬೆಂಬಲದಿಂದಲೇ. ಮಾರವಾಡಿ ಅಂಗಡಿಯ ಚೌಕಾಸಿಯಂತೆ ಇಪ್ಪತ್ತಮೂರು ವರ್ಷ ಹೀಗೇ ಸಾಗಿತು.

ಇನ್ನು ಆ ಆರು ವರ್ಷಗಳ ಕಥೆ. 2005ರಲ್ಲಿ ಕ್ಯಾಟಲನ್ ಸಂಸತ್ತು ಹೊಸದೊಂದು ಸ್ವಾಯತ್ತತಾ ಶಾಸನ ಬರೆಯಿತು. 135 ಸದಸ್ಯರಲ್ಲಿ 120 ಮಂದಿ ಒಪ್ಪಿದರು. ಮ್ಯಾಡ್ರಿಡ್‌ನ ಸಂಸತ್ತು ಅದನ್ನು ಸಾಕಷ್ಟು ಕತ್ತರಿಸಿ ಪಾಸು ಮಾಡಿತು. 2006ರ ಜೂನ್ 18ರ ಜನಮತದಲ್ಲಿ ನೂರಕ್ಕೆ 74 ಮಂದಿ ಹೌದೆಂದರು. ಆದರೆ ಮತಗಟ್ಟೆಗೆ ಬಂದವರೇ ಅರ್ಧಕ್ಕಿಂತ ಕಡಿಮೆ. ಈ ಸಂಗತಿಯನ್ನು ನಿಮ್ಮ ನೆರೆಯವರು ಹೇಳಿರಲಿಕ್ಕಿಲ್ಲ. ಅಂದರೆ ಆ ಶಾಸನಕ್ಕಾಗಿ ಯಾರೂ ಪ್ರಾಣ ಬಿಡುವಂತಿರಲಿಲ್ಲ. ಅದನ್ನು ಪ್ರಾಣದ ವಿಷಯ ಮಾಡಿದ್ದು ವಿರೋಧಪಕ್ಷವಾಗಿದ್ದ ಪೀಪಲ್ಸ್ ಪಾರ್ಟಿ. ಮರಿಯಾನೋ ರಹೋಯ್ ನೇತೃತ್ವದಲ್ಲಿ ಅದು ಸ್ಪೇನ್‌ನಾದ್ಯಂತ ಈ ಶಾಸನದ ವಿರುದ್ಧ ಸುಮಾರು 40 ಲಕ್ಷ ಸಹಿ ಸಂಗ್ರಹಿಸಿತು, ಸಂವಿಧಾನ ನ್ಯಾಯಾಲಯಕ್ಕೂ ಹೋಯಿತು. ಹೆಚ್ಚುಕಮ್ಮಿ ಅದೇ ಒಕ್ಕಣೆಯ ಹಲವು ವಿಧಿಗಳು ಆಂಡಲೂಸಿಯಾದ ಶಾಸನದಲ್ಲೂ ಇದ್ದವು. ಅದರ ತಂಟೆಗೆ ಆ ಪಕ್ಷ ಹೋಗಲಿಲ್ಲ. ಕ್ಯಾಟಲನ್ನರನ್ನು ಬೈದರೆ ಬೇರೆ ಕಡೆ ಮತ ಬರುತ್ತದೆ ಎಂಬ ಲೆಕ್ಕಾಚಾರ ಇಷ್ಟು ಬೆತ್ತಲಾಗಿ ಕಂಡದ್ದು ಅದೇ ಮೊದಲು.

ನ್ಯಾಯಾಲಯ ನಾಲ್ಕು ವರ್ಷ ತೆಗೆದುಕೊಂಡಿತು. ಅವಧಿ ಮುಗಿದ ನ್ಯಾಯಾಧೀಶರೂ ಪೀಠದಲ್ಲಿ ಕುಳಿತಿದ್ದರು. 2010ರ ಜೂನ್ 28ರ ತೀರ್ಪು 14 ವಿಧಿಗಳನ್ನು ಪೂರ್ತಿಯಾಗಿಯೋ ಭಾಗಶಃವೋ ರದ್ದು ಮಾಡಿತು. ಪೀಠಿಕೆಯಲ್ಲಿ ಬಂದ 'ರಾಷ್ಟ್ರ' ಎಂಬ ಪದಕ್ಕೆ ಕಾನೂನಿನ ಬಲವಿಲ್ಲ ಎಂದಿತು. ಕಾನೂನಿನ ಕಣ್ಣಲ್ಲಿ ನೋಡಿದರೆ ಶಾಸನದ ಬಹುಭಾಗ ಉಳಿದುಕೊಂಡಿತು. ಜನ ವಿಧಿಗಳನ್ನು ಎಣಿಸಲಿಲ್ಲ. ತಾವು ಮತ ಹಾಕಿ ಒಪ್ಪಿದ್ದನ್ನು ಕೆಲವು ನ್ಯಾಯಾಧೀಶರು ಹೊಡೆದುಹಾಕಿದರು ಎಂದಷ್ಟೇ ಅರ್ಥಮಾಡಿಕೊಂಡರು. ಜುಲೈ 10ರಂದು 'ನಾವೊಂದು ರಾಷ್ಟ್ರ, ತೀರ್ಮಾನ ನಮ್ಮದು' ಎಂಬ ಫಲಕ ಹಿಡಿದು ಬಾರ್ಸಿಲೋನಾ ಬೀದಿಗಿಳಿಯಿತು. ನಡುದಾರಿ ಮುಚ್ಚಿದ್ದು ಅಂದು ಎಂಬುದು ನನ್ನ ಅಭಿಪ್ರಾಯ.

ಮುಚ್ಚಿದ ದಾರಿಯ ಮುಂದೆ ಆರ್ಥಿಕ ಕುಸಿತವೂ ಬಂದು ನಿಂತಿತು. 2013ರಲ್ಲಿ ಸ್ಪೇನ್‌ನ ನಿರುದ್ಯೋಗ ನೂರಕ್ಕೆ 26 ದಾಟಿತ್ತು. ಬಾಸ್ಕ್ ನಾಡು ಮತ್ತು ನವಾರ್ರಾ ತಮ್ಮ ತೆರಿಗೆಯನ್ನು ತಾವೇ ಎತ್ತಿಕೊಂಡು ಮ್ಯಾಡ್ರಿಡ್‌ಗೆ ಒಂದು ಮೊತ್ತ ಕಟ್ಟುತ್ತವೆ. ದೇಶದ ಉತ್ಪನ್ನದಲ್ಲಿ ಐದನೇ ಒಂದು ಪಾಲಿನಷ್ಟು ದುಡಿಯುವ ಕ್ಯಾಟಲೋನಿಯಾಕ್ಕೆ ಆ ಸೌಲಭ್ಯವಿಲ್ಲ. ಆಗಿನ ಕ್ಯಾಟಲನ್ ಸರ್ಕಾರದ ಮುಖ್ಯಸ್ಥ, ಪುಜೋಲ್ ಪಕ್ಷದವರೇ ಆದ ಆರ್ತುರ್ ಮಾಸ್ ಆಸ್ಪತ್ರೆ, ಶಾಲೆಗಳ ಖರ್ಚನ್ನು ನಿರ್ದಯವಾಗಿ ಕತ್ತರಿಸುತ್ತಿದ್ದರು. 2011ರ ಜೂನ್‌ನಲ್ಲಿ ಸಿಟ್ಟಿಗೆದ್ದ ಜನ ಸಂಸತ್ತಿಗೆ ಮುತ್ತಿಗೆ ಹಾಕಿದಾಗ ಅವರು ಒಳಹೋಗಲು ಹೆಲಿಕಾಪ್ಟರ್ ಹತ್ತಬೇಕಾಯಿತು. ಮರುವರ್ಷ, 2012ರ ಸೆಪ್ಟೆಂಬರ್ 11ರಂದು, 'ಕ್ಯಾಟಲೋನಿಯಾ, ಯುರೋಪಿನ ಹೊಸ ದೇಶ' ಎಂಬ ಘೋಷಣೆಯಡಿ ಲಕ್ಷಾಂತರ ಜನ ಸೇರಿದರು. ಸ್ಥಳೀಯ ಪೊಲೀಸರ ಎಣಿಕೆ 15 ಲಕ್ಷ, ಕೇಂದ್ರದ ಪ್ರತಿನಿಧಿಗಳದ್ದು 6 ಲಕ್ಷ. ಒಂಬತ್ತು ದಿನದ ನಂತರ ಮಾಸ್ ತೆರಿಗೆ ಒಪ್ಪಂದ ಕೇಳಲು ಪ್ರಧಾನಿ ರಹೋಯ್ ಬಳಿ ಹೋಗಿ ಬರಿಗೈಲಿ ಬಂದರು. ಹೆಲಿಕಾಪ್ಟರ್ ಹತ್ತಿದ್ದ ಮನುಷ್ಯ ಮೆರವಣಿಗೆಯ ಮುಂದೆ ಬಂದು ನಿಂತದ್ದು ಹೀಗೆ. ಪುಜೋಲ್ ಹೊರದೇಶದಲ್ಲಿ ದಶಕಗಳಿಂದ ಲೆಕ್ಕಕ್ಕೆ ತೋರಿಸದ ಹಣ ಇಟ್ಟಿದ್ದಾಗಿ 2014ರಲ್ಲಿ ತಾವೇ ಒಪ್ಪಿಕೊಂಡ ಮೇಲಂತೂ ಆ ಪಕ್ಷಕ್ಕೆ ಹಳೇ ಬೋರ್ಡ್ ಬದಲಿಸದೆ ಗತಿಯಿರಲಿಲ್ಲ.

ಅಲ್ಲಿಂದ ಮುಂದೆ ಓಟದ ಪಂದ್ಯ. ಎಡಕ್ಕೆ ವಾಲಿದ ಎಸ್ಕೇರಾ ಎಂಬ ಪಕ್ಷ ಮತ್ತು ಮಾಸ್ ಅವರ ಪಕ್ಷ, ಎರಡರಲ್ಲಿ ಯಾರು ಹಿಂಜರಿದರೂ ಇನ್ನೊಬ್ಬರು 'ದ್ರೋಹಿ' ಅನ್ನುವ ಸ್ಥಿತಿ. ಹಿಂದೆ ಬರುವ ದಾರಿ ಇಬ್ಬರಿಗೂ ಇರಲಿಲ್ಲ. 2015ರ ಚುನಾವಣೆಯಲ್ಲಿ ಪ್ರತ್ಯೇಕತಾವಾದಿಗಳಿಗೆ 72 ಸ್ಥಾನ ಬಂದವು. ಮತ ಮಾತ್ರ ನೂರಕ್ಕೆ 48ರ ಒಳಗೆ. ಅರ್ಧ ನಾಡು ಜೊತೆಗಿಲ್ಲ ಎಂದು ಗೊತ್ತಿದ್ದೂ ಮಾಸ್ ನಂತರ ಬಂದ ಕಾರ್ಲೆಸ್ ಪುಜ್‌ದೆಮೋನ್ ಸರ್ಕಾರ 2017ರಲ್ಲಿ, ಮ್ಯಾಡ್ರಿಡ್ ಒಪ್ಪದಿದ್ದರೂ, ಪ್ರತ್ಯೇಕ ದೇಶದ ಜನಮತಕ್ಕೆ ದಿನ ಗೊತ್ತುಮಾಡಿತು. ಚಳವಳಿಯ ದೊಡ್ಡ ತಪ್ಪು ಇದೇ.

2017ರ ಅಕ್ಟೋಬರ್ 1 ಎಲ್ಲರೂ ನೋಡಿದ ದೃಶ್ಯ. ಪ್ಲಾಸ್ಟಿಕ್ ಮತಪೆಟ್ಟಿಗೆಗಳನ್ನು ಚೀನಾದಿಂದ ತರಿಸಿ, ಫ್ರಾನ್ಸ್‌ನ ಗಡಿಯಾಚೆ ಬಚ್ಚಿಟ್ಟು, ಬೆಳಗಾಗುವುದರೊಳಗೆ ಊರೂರಿಗೆ ಮುಟ್ಟಿಸಿದ್ದರು. ಮತಗಟ್ಟೆಗಳಿದ್ದದ್ದು ಶಾಲೆಗಳಲ್ಲಿ. ಪೊಲೀಸರು ಬೀಗ ಹಾಕದಿರಲೆಂದು ತಂದೆತಾಯಂದಿರು ಮಕ್ಕಳೊಂದಿಗೆ ರಾತ್ರಿ ಅಲ್ಲೇ ಹಾಸಿಗೆ ಹಾಸಿದರು. ಮ್ಯಾಡ್ರಿಡ್ ಕಳಿಸಿದ ಪೊಲೀಸರಿಗೆ ತಂಗಲು ಬಂದರಿನಲ್ಲಿ ನಿಲ್ಲಿಸಿದ ಹಡಗಿನ ಮೈಮೇಲೆ ಟ್ವೀಟಿ ಹಕ್ಕಿಯ ಕಾರ್ಟೂನ್ ಇತ್ತು, ಊರೆಲ್ಲ ನಕ್ಕಿತು. ಬೆಳಗ್ಗೆ ಅದೇ ಪೊಲೀಸರು ಲಾಠಿ ಬೀಸಿದಾಗ ನಗು ನಿಂತಿತು. ಸುಮಾರು 23 ಲಕ್ಷ ಮತ ಬಿದ್ದವು, ನೂರಕ್ಕೆ 90 ಹೌದು. ಬಂದವರು ಮತದಾರರಲ್ಲಿ ನೂರಕ್ಕೆ 43. ಬೇಡವೆನ್ನುವವರು ಮನೆಯಲ್ಲೇ ಉಳಿದಿದ್ದರು. ಅಕ್ಟೋಬರ್ 27ರಂದು 135ರಲ್ಲಿ 70 ಮತಗಳಿಂದ ಸ್ವಾತಂತ್ರ್ಯ ಘೋಷಣೆಯಾಯಿತು. ಸರ್ಕಾರಿ ಅರಮನೆಯ ಮೇಲಿನ ಸ್ಪೇನ್ ಧ್ವಜವನ್ನು ಮಾತ್ರ ಯಾರೂ ಇಳಿಸಲಿಲ್ಲ. ಸೈನ್ಯವಿಲ್ಲ, ಖಜಾನೆಯಿಲ್ಲ, ಯುರೋಪಿನ ಒಂದು ದೇಶದ ಮಾನ್ಯತೆಯೂ ಇಲ್ಲ. ಎರಡು ದೊಡ್ಡ ಬ್ಯಾಂಕುಗಳು ಅದಕ್ಕೂ ಮೊದಲೇ ತಮ್ಮ ನೋಂದಾಯಿತ ಕಚೇರಿಯನ್ನು ವೆಲೆನ್ಸಿಯಾ, ಅಲಿಕಾಂತೆಗಳಿಗೆ ಒಯ್ದಿದ್ದವು. ಅದೇ ದಿನ ಮ್ಯಾಡ್ರಿಡ್ ಸಂವಿಧಾನದ 155ನೇ ವಿಧಿ ಹಾಕಿ ಆಡಳಿತ ಕೈಗೆತ್ತಿಕೊಂಡಿತು. ಪುಜ್‌ದೆಮೋನ್ ಬೆಲ್ಜಿಯಂ ಸೇರಿದರು. ಎಸ್ಕೇರಾದ ಉರಿಯೊಲ್ ಜುಂಕೇರಸ್ ಜೈಲು ಸೇರಿದರು. 2019ರ ತೀರ್ಪಿನಲ್ಲಿ ಅವರಿಗೆ 13 ವರ್ಷ, ಜೊತೆಯ ಎಂಟು ಮಂದಿಗೆ 9ರಿಂದ 12 ವರ್ಷ ಶಿಕ್ಷೆಯಾಯಿತು.

ಇದರ ರಾಜಕೀಯ ಪರಿಣಾಮ ಕ್ಯಾಟಲೋನಿಯಾಕ್ಕಿಂತ ಹೆಚ್ಚಾಗಿ ಕಂಡದ್ದು ಸ್ಪೇನ್‌ನಲ್ಲಿ. ಎದುರಾಳಿ ರಾಷ್ಟ್ರೀಯತೆಯೊಂದು ಎದ್ದು ಕೂತಿತು. 2006ರಲ್ಲಿ ಬಾರ್ಸಿಲೋನಾದಲ್ಲೇ ಹುಟ್ಟಿದ್ದ ಸಿಯುದದಾನೋಸ್ ಪಕ್ಷ 2017ರ ಡಿಸೆಂಬರ್ ಚುನಾವಣೆಯಲ್ಲಿ 36 ಸ್ಥಾನ ಗೆದ್ದು ಅಲ್ಲಿನ ಅತಿ ದೊಡ್ಡ ಪಕ್ಷವಾಯಿತು. ಆಂಡಲೂಸಿಯಾದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು ಮೊದಲ ಬಾರಿಗೆ ಗುಂಪಾಗಿ ಎದ್ದು ಮತ ಹಾಕಿದ್ದರು. 2024ರಲ್ಲಿ ಆ ಪಕ್ಷಕ್ಕೆ ಒಂದು ಸ್ಥಾನವೂ ಬರಲಿಲ್ಲ. ಬೆಂಕಿ ಆರಿದಾಗ ಬೆಂಕಿಯಲ್ಲೇ ಮೈ ಕಾಯಿಸಿಕೊಂಡವರೂ ತಣ್ಣಗಾದರು. ಉಳಿದದ್ದು ವೋಕ್ಸ್. 2017ರವರೆಗೆ ಯಾರೂ ಲೆಕ್ಕಕ್ಕಿಟ್ಟಿರದ ಈ ಬಲಪಂಥೀಯ ಪಕ್ಷ, ಶಿಕ್ಷೆಯ ತೀರ್ಪು ಬಂದು ಬಾರ್ಸಿಲೋನಾದ ಬೀದಿಗಳು ಹೊತ್ತಿ ಉರಿದ ಮರುತಿಂಗಳೇ, 2019ರ ನವೆಂಬರ್‌ನಲ್ಲಿ, ರಾಷ್ಟ್ರ ಸಂಸತ್ತಿನಲ್ಲಿ 52 ಸ್ಥಾನ ಗಳಿಸಿತು.

ಇನ್ನೊಂದು ಕಡೆ ಪುಜೋಲ್ ಕಾಲದ ಚೌಕಾಸಿ ಬೇರೆ ರೂಪದಲ್ಲಿ ಮರಳಿತು. 2018ರಲ್ಲಿ ರಹೋಯ್ ಸರ್ಕಾರ ಬಿದ್ದು ಸಮಾಜವಾದಿ ಪೆದ್ರೊ ಸಾಂಚೆಸ್ ಪ್ರಧಾನಿಯಾದದ್ದರಲ್ಲಿ ಕ್ಯಾಟಲನ್ ಪಕ್ಷಗಳ ಮತವೂ ಇತ್ತು. 2019ರಲ್ಲಿ ಅವರ ಬಜೆಟ್ ಬೀಳಿಸಿ ಚುನಾವಣೆ ತಂದದ್ದೂ ಅವೇ ಪಕ್ಷಗಳು. 2021ರಲ್ಲಿ ಸಾಂಚೆಸ್ ಜೈಲಿನಲ್ಲಿದ್ದ ಒಂಬತ್ತು ಮಂದಿಗೆ ಕ್ಷಮಾದಾನ ಕೊಟ್ಟರು. 2023ರ ಚುನಾವಣೆಯ ನಂತರ ಸರ್ಕಾರದ ಕೀಲಿ ಸಿಕ್ಕಿದ್ದು ದೇಶದಾದ್ಯಂತ 4 ಲಕ್ಷ ಮತವನ್ನೂ ಮುಟ್ಟದ, ಏಳೇ ಸ್ಥಾನದ, ಪುಜ್‌ದೆಮೋನ್ ಪಕ್ಷ ಜುಂಟ್ಸ್ ಕೈಗೆ. ಅದು ಕೇಳಿದ ಬೆಲೆ ಸಾಮೂಹಿಕ ಕ್ಷಮಾದಾನದ ಕಾನೂನು. 2024ರ ಮೇ 30ರಂದು 177-172 ಮತಗಳಿಂದ ಅದು ಪಾಸಾಯಿತು. 2025ರಲ್ಲಿ ಸಂವಿಧಾನ ನ್ಯಾಯಾಲಯವೂ ಅದರ ಬಹುಭಾಗವನ್ನು ಎತ್ತಿಹಿಡಿಯಿತು. ತಮಾಷೆಯೆಂದರೆ, ಯಾರಿಗಾಗಿ ಈ ಕಾನೂನು ಬಂತೋ ಆ ಪುಜ್‌ದೆಮೋನ್‌ಗೆ ಅದು ಒದಗಲಿಲ್ಲ. ಹಣದ ದುರ್ಬಳಕೆ ಆರೋಪಕ್ಕೆ ಇದು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿತು. ಆಗಸ್ಟ್‌ನಲ್ಲಿ ಅವರು ಬಾರ್ಸಿಲೋನಾದ ನಡುಬೀದಿಯ ವೇದಿಕೆಯಲ್ಲಿ ಕೆಲವು ನಿಮಿಷ ಭಾಷಣ ಮಾಡಿ, ಪೊಲೀಸರ ಕಣ್ಣೆದುರೇ ಮಾಯವಾಗಿ ಮತ್ತೆ ಬೆಲ್ಜಿಯಂ ಸೇರಿದರು.

ಹಾಗಾದರೆ ಚಳವಳಿ ಎಲ್ಲಿ ಹೋಯಿತು? 2024ರ ಮೇ ಚುನಾವಣೆಯಲ್ಲಿ ಪ್ರತ್ಯೇಕತಾವಾದಿ ಪಕ್ಷಗಳೆಲ್ಲ ಸೇರಿ 61 ಸ್ಥಾನಕ್ಕೆ ಇಳಿದವು. ಬಹುಮತಕ್ಕೆ 68 ಬೇಕು. ಈಗ ಅಲ್ಲಿ ಆಳುತ್ತಿರುವವರು ಸಮಾಜವಾದಿ ಸಾಲ್ವದೋರ್ ಇಲ್ಯಾ. ಅವರನ್ನು ಕೂರಿಸಿದ್ದು ಎಸ್ಕೇರಾ ಬೆಂಬಲ, ಮತ್ತು ತೆರಿಗೆಯನ್ನು ಕ್ಯಾಟಲೋನಿಯಾವೇ ಎತ್ತಿಕೊಳ್ಳುವ ವ್ಯವಸ್ಥೆಯ ಭರವಸೆ. ಅಂದರೆ 2012ರಲ್ಲಿ ಮಾಸ್ ಬರಿಗೈಲಿ ಮರಳಿದ ಅದೇ ಬಾಗಿಲನ್ನು ಮತ್ತೆ ತಟ್ಟುತ್ತಿದ್ದಾರೆ. ಪ್ರತ್ಯೇಕ ದೇಶ ಬೇಕೆನ್ನುವವರು ಈಗಲೂ ನೂರಕ್ಕೆ 40ರ ಆಸುಪಾಸು ಇದ್ದಾರೆ. ಮನಸ್ಸು ಬದಲಾದವರಿಗಿಂತ ದಣಿದವರು ಹೆಚ್ಚು. ನಿಮ್ಮ ನೆರೆಯವರು ಬಾವುಟ ತೆಗೆಯದಿರುವುದಕ್ಕೂ ಹೊಸದು ತಂದು ಕಟ್ಟದಿರುವುದಕ್ಕೂ ಇದೇ ಕಾರಣವಿರಬಹುದು.

ನಿಮಗೆ ಸಂಬಂಧಪಟ್ಟ ಒಂದು ಬೆಳವಣಿಗೆಯನ್ನು ಮುಚ್ಚಿಡಬಾರದು. ರಿಪೋಲ್ ಊರಿನ ಮೇಯರ್ ಸಿಲ್ವಿಯಾ ಓರಿಯೋಲ್ಸ್ ಅವರ 'ಅಲಿಯಾನ್ಸಾ ಕತಲಾನಾ' ಎಂಬ ಹೊಸ ಪಕ್ಷಕ್ಕೆ 2024ರಲ್ಲಿ ಎರಡು ಸ್ಥಾನ ಬಂದವು. ಅದು ಪ್ರತ್ಯೇಕ ದೇಶವನ್ನೂ ಕೇಳುತ್ತದೆ, ವಲಸಿಗರನ್ನೂ, ಮುಖ್ಯವಾಗಿ ಮುಸ್ಲಿಮರನ್ನು, ದೂರುತ್ತದೆ. 'ಇಲ್ಲಿ ಇದ್ದು ದುಡಿಯುವವನೇ ಕ್ಯಾಟಲನ್' ಎಂಬುದು ಪುಜೋಲ್ ಕಾಲದಿಂದ ಬಂದ ಮಾತು. ಆ ಮಾತಿಗೆ ಮೊದಲ ಬಾರಿ ಒಳಗಿನಿಂದಲೇ ಪೆಟ್ಟು ಬಿದ್ದಿದೆ.

ಕೊನೆಗೆ ಮಗನ ಭಾಷೆ. ಶಾಲೆಯಲ್ಲಿ ಕ್ಯಾಟಲನ್ ಮಾಧ್ಯಮ ಎಂಬುದನ್ನು ರಾಷ್ಟ್ರೀಯವಾದಿಗಳು ಹೇರಿದರು ಎಂದು ನಿಮ್ಮ ಸಹೋದ್ಯೋಗಿ ಹೇಳಬಹುದು. ಅದು ಮೊದಲು ಶುರುವಾದದ್ದು 1983ರಲ್ಲಿ, ಬಾರ್ಸಿಲೋನಾ ಅಂಚಿನ ಸಾಂತಾ ಕೊಲೋಮಾ ದೆ ಗ್ರಾಮನೆತ್‌ನಲ್ಲಿ. ಅದು ಸ್ಪ್ಯಾನಿಷ್ ಮಾತಾಡುವ ಕಾರ್ಮಿಕರ ಊರು. ಕ್ಯಾಟಲನ್ ಬಾರದಿದ್ದರೆ ನಮ್ಮ ಮಕ್ಕಳು ಕೂಲಿಯಲ್ಲೇ ಉಳಿಯುತ್ತಾರೆ ಎಂದು ಆ ತಂದೆತಾಯಂದಿರೇ ಕೇಳಿ ಪಡೆದರು. ಅವರ ಲೆಕ್ಕ ಇಂದಿಗೂ ಸರಿಯಿದೆ: ಅಲ್ಲಿ ಶಿಕ್ಷಕನಾಗಲು, ಸರ್ಕಾರಿ ಕೆಲಸಕ್ಕೆ ಸೇರಲು ಕ್ಯಾಟಲನ್ ಪ್ರಮಾಣಪತ್ರ ಬೇಕು. ಪಾಠದಲ್ಲಿ ಕಾಲು ಭಾಗವಾದರೂ ಸ್ಪ್ಯಾನಿಷ್ ಇರಬೇಕೆಂಬ ತೀರ್ಪಿನ ಸುತ್ತ ಜಗಳ ನಡೆಯುತ್ತಲೇ ಇದೆ. ಆದರೆ ಸ್ಪ್ಯಾನಿಷ್ ಬಾರದೆ ಉಳಿಯುವ ಭಯ ನಿಮಗೆ ಬೇಡ, ಅದನ್ನು ಆಟದ ಮೈದಾನವೇ ಕಲಿಸುತ್ತದೆ. ಕಷ್ಟ ಇರುವುದು ಕ್ಯಾಟಲನ್‌ಗೆ. 2003ರಲ್ಲಿ ದಿನಬಳಕೆಗೆ ಕ್ಯಾಟಲನ್ ಆಡುತ್ತಿದ್ದವರು ನೂರಕ್ಕೆ 46, 2023ರಲ್ಲಿ 33ಕ್ಕೂ ಕಡಿಮೆ. ಇನ್ನೊಂದು ಅಭ್ಯಾಸವನ್ನೂ ನೀವು ಗಮನಿಸಿರಬೇಕು: ಹೊರಗಿನವರ ಮುಖ ಕಂಡ ಕೂಡಲೇ ಕ್ಯಾಟಲನ್ನರು ಮರ್ಯಾದೆಗೆಂದು ಸ್ಪ್ಯಾನಿಷ್‌ಗೆ ಹೊರಳುತ್ತಾರೆ, ಬೆಂಗಳೂರಿನಲ್ಲಿ ನಾವು ಮಾಡುವ ಹಾಗೆಯೇ. ಎದುರು ಮನೆಯ ಹಿರಿಯರು ಮುಂದಿನ ಸಲ ಹಾಗೆ ಹೊರಳಿದಾಗ ನಿಮ್ಮ ಮಗ ಕ್ಯಾಟಲನ್‌ನಲ್ಲೇ ಉತ್ತರ ಕೊಡಲಿ. 1714ರ ಆಚೆಗೂ ಅವರ ಬಳಿ ಹೇಳಲು ಬಹಳಷ್ಟಿದೆ ಎಂದು ಆಗ ಗೊತ್ತಾಗುತ್ತದೆ.